ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್: ಉಪ್ಪುನೀರಿನ ಪರೀಕ್ಷೆಗೆ ಹೊಣೆ ಯಾರು?

ಒಡ್ಡನ್‌ಛತ್ರಂ: ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ 2024ರ ಆಗಸ್ಟ್ 30ರಂದು ಪ್ರಧಾನಮಂತ್ರಿಗಳು ಮೀನುಗಾರಿಕಾ ದೋಣಿಗಳ ಸಂಪರ್ಕ ಮತ್ತು ನೆರವು ವ್ಯವಸ್ಥೆಯ ರಾಷ್ಟ್ರವ್ಯಾಪಿ ಯೋಜನೆಗೆ ಚಾಲನೆ ನೀಡಿದರು. ಕರಾವಳಿಯ 13 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಯಾಂತ್ರೀಕೃತ ಮತ್ತು ಮೋಟಾರು ದೋಣಿಗಳಿಗೆ ಹಂತ ಹಂತವಾಗಿ ಉಪಗ್ರಹ ಟ್ರಾನ್ಸ್‌ಪಾಂಡರ್ ಅಳವಡಿಸುವುದು ಇದರ ಗುರಿ. ಯೋಜನೆಯ ವೆಚ್ಚ ಸುಮಾರು 360 ಕೋಟಿ ರೂಪಾಯಿ, ಅಂದರೆ ಬೋಟೊಂದಕ್ಕೆ ಸರಾಸರಿ 36,000 ರೂಪಾಯಿ. ಮೀನುಗಾರನಿಗೆ ಉಪಕರಣ ಉಚಿತವಾಗಿ ದೊರೆಯುತ್ತದೆ. ಇಸ್ರೋ ಅಭಿವೃದ್ಧಿಪಡಿಸಿದ ಈ ತಂತ್ರಜ್ಞಾನದಿಂದ ಮೊಬೈಲ್ ಸಂಕೇತ ಸಿಗದ ಆಳಸಮುದ್ರದಲ್ಲೂ ಬೋಟು ಎಲ್ಲಿದೆಯೆಂಬುದು ದಡಕ್ಕೆ ತಿಳಿಯುತ್ತದೆ, ದಡದ ಎಚ್ಚರಿಕೆ ಬೋಟಿಗೆ ತಲುಪುತ್ತದೆ.

ಯೋಜನೆ ಸ್ವಾಗತಾರ್ಹ. ಎಷ್ಟು ಉಪಕರಣ ಹಂಚಲಾಯಿತು ಎಂಬ ಲೆಕ್ಕವೂ ಕಾಲಕಾಲಕ್ಕೆ ಪ್ರಕಟವಾಗುತ್ತದೆ. ಆದರೆ ಬೋಟಿಗೆ ಅಳವಡಿಸಿದ ಪೆಟ್ಟಿಗೆ ಎರಡು ಮಳೆಗಾಲ ಕಳೆದ ಮೇಲೆ, ಅಲೆ ಬೋಟಿನ ಮೇಲೆ ಹಾಯುವ ರಾತ್ರಿಯಲ್ಲಿ, ಬಟನ್ ಒತ್ತಿದೊಡನೆ ಕೆಲಸ ಮಾಡುತ್ತದೆಯೇ? ಹಂಚಿಕೆಯ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಯೋಜನೆಯ ಯಶಸ್ಸನ್ನು ಅಳೆಯಬೇಕಾದುದು ಈ ಒಂದು ಪ್ರಶ್ನೆಯಿಂದಲೇ.

ಕಡಲಿಲ್ಲದ ಊರಿನಿಂದ ಈ ಮಾತೇಕೆ?

ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಗೆ ಹೆಸರಾದ ಊರು. ದಿಂಡಿಗಲ್, ತೇನಿ ಮತ್ತು ಕಂಬಂ ಕಣಿವೆಯಲ್ಲಿ ನೆಲೆಸಿರುವ ಕಪ್ಪಿಲಿಯರ್, ಅನುಪ್ಪರ್ ಮುಂತಾದ ಸಮುದಾಯಗಳ ಮನೆಗಳಲ್ಲಿ ಕನ್ನಡ ಉಳಿದಿದೆ. ಅವರ ಬದುಕು ಮಾತ್ರ ಹೊಲ, ಬಾವಿ, ಸಂತೆಗಳದ್ದು, ಕಡಲಿನದ್ದಲ್ಲ. ಆದರೂ ಈ ವಿಷಯ ನಮಗೆ ಹೊರಗಿನದೆಂದು ನಾವು ಭಾವಿಸುವುದಿಲ್ಲ.

ಮೊದಲನೆಯ ಕಾರಣ ನಂಟು. ಇಲ್ಲಿಂದ ಹೊರಟ ತರಕಾರಿ ಲಾರಿಗಳು ಕೇರಳದ ಊರೂರಿಗೆ ತಲುಪುತ್ತವೆ. ಆ ರಾಜ್ಯದ ಉತ್ತರದ ತುದಿಯಲ್ಲಿರುವ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡಲತೀರದಲ್ಲಿ ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಮೀನುಗಾರ ಕುಟುಂಬಗಳಿವೆ. ಗಡಿಯಾಚೆಯ ಮಲ್ಪೆ, ಮಂಗಳೂರು, ಕಾರವಾರದ ಬೋಟುಗಳಲ್ಲಿ ದುಡಿಯುವವರೂ ನಮ್ಮ ಓದುಗರ ಮನೆಯವರೇ.

ಎರಡನೆಯ ಕಾರಣ ಅನುಭವ. ನೀರಿನ ಪಕ್ಕದಲ್ಲಿ ವಿದ್ಯುತ್ ಉಪಕರಣ ಇಟ್ಟುಕೊಂಡು ಬದುಕುವವರಿಗೆ ಅದರ ಸ್ವಭಾವ ಗೊತ್ತು. ಬಾವಿಯ ದಂಡೆಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಸಾಧನ, ಹನಿ ನೀರಾವರಿಯ ನಿಯಂತ್ರಕ ಮೊದಲ ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಮಳೆಗಾಲದ ತೇವ ಒಳಸೇರಿದ ಮೇಲೆ ಒಂದೊಂದಾಗಿ ಮುನಿಸಿಕೊಳ್ಳುತ್ತವೆ. ಕೊಡುವಾಗ ಬಂದ ಅಧಿಕಾರಿ ಕೆಟ್ಟಾಗ ಬರುವುದಿಲ್ಲ ಎಂಬ ಮಾತು ರೈತರಿಗೂ ಮೀನುಗಾರರಿಗೂ ಸಮಾನ. ಹೊಲದಲ್ಲಿ ಪೆಟ್ಟಿಗೆ ಕೆಟ್ಟರೆ ಒಂದು ಬೆಳೆಗೆ ನೀರು ತಪ್ಪುತ್ತದೆ. ಕಡಲಿನಲ್ಲಿ ಕೆಟ್ಟರೆ ಆಗುವ ನಷ್ಟವೇ ಬೇರೆ.

ದೋಣಿಯ ಸುರಕ್ಷತೆ ಎಂದೊಡನೆ ಕಂಬಂ ಕಣಿವೆಯವರಿಗೆ ನೆನಪಾಗುವುದು ತೇಕ್ಕಡಿ. 2009ರ ಸೆಪ್ಟೆಂಬರ್ 30ರಂದು ಪೆರಿಯಾರ್ ಸರೋವರದಲ್ಲಿ ‘ಜಲಕನ್ಯಕಾ’ ಎಂಬ ಪ್ರವಾಸಿ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ತಪ್ಪಿದ್ದು ದೋಣಿಯ ಸಮತೋಲನವೇ ಹೊರತು ಯಾವುದೇ ವಿದ್ಯುನ್ಮಾನ ಸಾಧನವಲ್ಲ. ಆದರೂ ಆ ದಿನ ಕಲಿಸಿದ ಒಂದು ಪಾಠ ಇಲ್ಲಿಗೂ ಸಲ್ಲುತ್ತದೆ: ಜೀವರಕ್ಷಕ ಅಂಗಿ ಪ್ರಾಣ ಉಳಿಸುವುದು ಮೈಮೇಲಿದ್ದಾಗ ಮಾತ್ರ. ಉಪಕರಣ ಇರುವುದು ಒಂದು ಸಂಗತಿ, ಅದು ಬಳಕೆಯ ಸ್ಥಿತಿಯಲ್ಲಿರುವುದು ಇನ್ನೊಂದು.

ಒಖಿ ಮತ್ತು ‘ಸುವರ್ಣ ತ್ರಿಭುಜ’

ಟ್ರಾನ್ಸ್‌ಪಾಂಡರ್ ಯೋಜನೆಯ ಹಿಂದೆ ನೋವಿನ ಚರಿತ್ರೆಯಿದೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಕನ್ಯಾಕುಮಾರಿ ಮತ್ತು ತಿರುವನಂತಪುರ ಕರಾವಳಿಯಾಚೆ ಬಹು ವೇಗವಾಗಿ ಬಲಗೊಂಡಿತು. ಎಚ್ಚರಿಕೆ ಹೊರಬೀಳುವ ಮೊದಲೇ ಅನೇಕ ಬೋಟುಗಳು ಆಳಸಮುದ್ರಕ್ಕೆ ಹೋಗಿದ್ದವು. ಅವುಗಳನ್ನು ಹಿಂದಕ್ಕೆ ಕರೆಯುವ ದಾರಿ ದಡದಲ್ಲಿದ್ದವರ ಬಳಿ ಇರಲಿಲ್ಲ. ಬಹಳಷ್ಟು ಮನೆಗಳಿಗೆ ದುಡಿಯುವ ಗಂಡಸರು ಮರಳಲಿಲ್ಲ.

ಕಾರಣ ಸರಳ. ಬೋಟುಗಳಲ್ಲಿರುವ ಸಾಮಾನ್ಯ ವೈರ್‌ಲೆಸ್ ಎಂದರೆ ವಿಎಚ್‌ಎಫ್ ರೇಡಿಯೋ. ಅದರ ಅಲೆ ಹೆಚ್ಚುಕಡಿಮೆ ನೇರ ದೃಷ್ಟಿಯ ದೂರಕ್ಕಷ್ಟೇ ಸಾಗುತ್ತದೆ. ನೀರಿನಿಂದ 4 ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಎರಡು ಬೋಟುಗಳು ಸುಮಾರು 9 ನಾಟಿಕಲ್ ಮೈಲು, ಅಂದರೆ 17 ಕಿಲೋಮೀಟರ್‌ವರೆಗೆ ಮಾತನಾಡಬಹುದು. ದಡದಲ್ಲಿ 50 ಮೀಟರ್ ಎತ್ತರದ ಗೋಪುರವಿದ್ದರೂ ಲೆಕ್ಕ 20 ನಾಟಿಕಲ್ ಮೈಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಳಸಮುದ್ರದ ಮೀನುಗಾರ ಅದಕ್ಕಿಂತ ಎಷ್ಟೋ ಆಚೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ನೆರವಾಗಬಲ್ಲದ್ದು ಉಪಗ್ರಹವೊಂದೇ.

ಮರುವರ್ಷ ನೋವು ಕನ್ನಡ ಕರಾವಳಿಯದಾಯಿತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಸಂಪರ್ಕ ಎರಡು-ಮೂರು ದಿನಗಳಲ್ಲೇ ಕಡಿದುಹೋಯಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮೀನುಗಾರರಿದ್ದರು. 2019ರ ಜನವರಿಯಲ್ಲಿ ಸಹಸ್ರಾರು ಮೀನುಗಾರರು ಬೀದಿಗಿಳಿದು ಹುಡುಕಾಟ ಚುರುಕಾಗಬೇಕೆಂದು ಕೇಳಿದರು. ಕೊನೆಗೆ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಸಮುದ್ರತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆ ಮಾಡಿತು. ಬೋಟು ಮುಳುಗಿದ್ದೇಕೆ ಎಂಬ ಬಗ್ಗೆ ವಾದವಿವಾದಗಳು ನಡೆದಿವೆ. ಅದನ್ನು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ನಾಲ್ಕೂವರೆ ತಿಂಗಳ ಕಾಲ ಏಳು ಮನೆಗಳು ಬಾಗಿಲ ಕಡೆ ನೋಡುತ್ತ ಕುಳಿತಿದ್ದವು ಎಂಬುದರಲ್ಲಿ ವಿವಾದವಿಲ್ಲ. ಬೋಟು ಮೌನವಾದ ಮೇಲೆ ಅದು ಇರುವ ಸ್ಥಳವನ್ನು ತಾನಾಗಿ ಹೇಳುವ ಸಂಕೇತವೊಂದು ದಡಕ್ಕೆ ಬಂದಿದ್ದರೆ ಅಷ್ಟು ಕಾಲ ಕಾಯಬೇಕಾಗಿರಲಿಲ್ಲ.

ಈ ನಡುವೆ ತಂತ್ರಜ್ಞಾನ ನಿಂತಿರಲಿಲ್ಲ. ಇಸ್ರೋ ರೂಪಿಸಿದ ಡಿಎಟಿ ಎಂಬ ಅಪಾಯ ಸೂಚಕ ಸಾಧನ 2010ರಿಂದಲೇ ಬಳಕೆಯಲ್ಲಿದೆ. ಬಟನ್ ಒತ್ತಿದರೆ ಸಂದೇಶ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೂ ಅಲ್ಲಿಂದ ತಟರಕ್ಷಣಾ ಪಡೆಯ ರಕ್ಷಣಾ ಕೇಂದ್ರಗಳಿಗೂ ಹೋಗುತ್ತದೆ. ಆದರೆ ಮೊದಲ ಪೀಳಿಗೆಯ ಸಾಧನ ಏಕಮುಖಿ. ಸಂದೇಶ ತಲುಪಿತೋ ಇಲ್ಲವೋ ಎಂಬುದು ಕಡಲಿನಲ್ಲಿದ್ದವನಿಗೆ ತಿಳಿಯುತ್ತಿರಲಿಲ್ಲ. 2019ರ ಅಕ್ಟೋಬರಿನಲ್ಲಿ ಬಂದ ‘ಜೆಮಿನಿ’ ಸಾಧನ ಹವಾಮಾನದ ಮುನ್ಸೂಚನೆಯನ್ನು ಬೋಟಿಗೆ ತಲುಪಿಸುತ್ತಿತ್ತು, ಆದರೆ ಬೋಟಿನ ಮಾತನ್ನು ದಡಕ್ಕೆ ಒಯ್ಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಪ್ರಕಟವಾದ ಎರಡನೆಯ ಪೀಳಿಗೆಯ ಡಿಎಟಿ ‘ನಿಮ್ಮ ಸಂದೇಶ ತಲುಪಿದೆ’ ಎಂಬ ಮರುಸಂದೇಶವನ್ನೂ ಕೊಡುತ್ತದೆ. ಮುಳುಗುತ್ತಿರುವವನಿಗೆ ಆ ಒಂದು ಮರುಸಂದೇಶದ ಬೆಲೆ ಎಷ್ಟೆಂದು ವಿವರಿಸಬೇಕಿಲ್ಲ.

ಹೀಗೆ ಉಪಗ್ರಹದ ತೊಡಕು ಬಹುಮಟ್ಟಿಗೆ ಬಿಡಿಸಿದಂತಾಗಿದೆ. ಉಳಿದಿರುವುದು ಬೋಟಿನೊಳಗಿನ ತೊಡಕು. ಸಾವಿರಾರು ಕಿಲೋಮೀಟರ್ ಎತ್ತರದ ಉಪಗ್ರಹದವರೆಗೆ ಸಾಗಬೇಕಾದ ಸಂಕೇತ ಒಂದು ಅಂಗುಲ ಕಿಲುಬು ಹಿಡಿದ ತಂತಿಯನ್ನು ದಾಟಲಾರದೆ ನಿಂತುಬಿಡಬಹುದು.

ಉಪ್ಪುನೀರು ಒಳಗೆ ಬರುವ ಬಗೆ

ಅಲೆ ಬಡಿದು ನೀರು ನುಗ್ಗಿದರೆ ಮಾತ್ರ ಉಪಕರಣ ಕೆಡುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ. ವಾಸ್ತವದಲ್ಲಿ ಬಹುಪಾಲು ಹಾನಿ ಸದ್ದಿಲ್ಲದೆ ಆಗುತ್ತದೆ, ಮತ್ತು ನೀರಿಗೆ ದಾರಿಗಳು ಹಲವು.

ಒಂದನೆಯದು ಉಸಿರಾಟ. ಹಗಲಿನ ಬಿಸಿಲಿಗೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಹಿಗ್ಗುತ್ತದೆ. ಸಂಜೆ ಮಳೆ ಸುರಿದರೆ ಅಥವಾ ರಾತ್ರಿ ತಂಪಾದರೆ ಅದೇ ಗಾಳಿ ಕುಗ್ಗುತ್ತದೆ. ಆಗ ಹೊರಗಿನ ತೇವದ ಗಾಳಿಯನ್ನು ರಬ್ಬರ್ ಅಂಚಿನ ಸಣ್ಣ ಸಂದಿನಿಂದಲೂ ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಬಂದ ಆವಿ ಹನಿಯಾಗಿ ಸರ್ಕಿಟ್ ಹಲಗೆಯ ಮೇಲೆ ಕೂರುತ್ತದೆ. ಹೀಗೆ ಒಂದೇ ಒಂದು ಅಲೆ ತಾಗದ ಪೆಟ್ಟಿಗೆಯೊಳಗೂ ನೀರು ಸಿಗುತ್ತದೆ. ಇದಕ್ಕೆಂದೇ ಒಳ್ಳೆಯ ಉಪಕರಣಗಳಲ್ಲಿ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯ ಕಿಂಡಿ ಇರುತ್ತದೆ. ಆ ಕಿಂಡಿಯ ಮೇಲೆ ಬಣ್ಣ ಬಳಿದರೆ ಅಥವಾ ಗೋಂದು ಮೆತ್ತಿದರೆ ರಕ್ಷಣೆ ತಪ್ಪುತ್ತದೆ.

ಎರಡನೆಯದು ಉಪ್ಪು. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಆ ಬಿಳಿ ಪುಡಿ ಗಾಳಿಯ ತೇವವನ್ನು ಹೀರಿ ಮತ್ತೆ ಮತ್ತೆ ಒದ್ದೆಯಾಗುತ್ತದೆ. ಆದ್ದರಿಂದ ಒಮ್ಮೆ ಕಡಲನೀರು ತಾಗಿದ ಸಾಧನವನ್ನು ಬಿಸಿಲಿಗಿಟ್ಟು ಒಣಗಿಸಿದರೆ ಸಾಲದು, ಸಿಹಿನೀರಿನಿಂದ ಉಪ್ಪನ್ನು ತೊಳೆಯಲೇಬೇಕು.

ಮೂರನೆಯದು ವಿದ್ಯುತ್ತು. ಬೋಟಿನ ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಎರಡು ತಾಮ್ರದ ಗೆರೆಗಳ ನಡುವೆ ಉಪ್ಪುನೀರಿನ ಹನಿಯಿದ್ದರೆ ಧನ ತುದಿಯ ತಾಮ್ರ ಕರಗತೊಡಗುತ್ತದೆ. ಉಪಕರಣ ಚಾಲೂ ಇದ್ದಷ್ಟು ಹೊತ್ತು ಈ ಸವೆತ ವೇಗವಾಗಿ ಸಾಗುತ್ತದೆ. ತಾಮ್ರದ ಪಾತ್ರೆಯ ಮೇಲೆ ವರ್ಷಾನುಗಟ್ಟಲೆಯಲ್ಲಿ ಕಟ್ಟುವ ಹಸಿರು ಕಿಲುಬು ಇಲ್ಲಿ ದಿನಗಳಲ್ಲೇ ಕಟ್ಟುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು, ತಂತಿ. ಸಾದಾ ತಾಮ್ರದ ಎಳೆಗಳ ತಂತಿಯ ತುದಿ ಒದ್ದೆಯಾದರೆ ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರು ಎಳೆಗಳ ನಡುವೆ ಒಳಕ್ಕೆ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಹೊಸದರಂತೆಯೇ ಕಾಣುತ್ತಿರುತ್ತದೆ. ಒಳಗೆ ತಾಮ್ರ ಕಪ್ಪಾಗಿರುತ್ತದೆ. ಇದಕ್ಕಾಗಿಯೇ ಕಡಲಿನ ಕೆಲಸಕ್ಕೆ ತವರದ ಲೇಪವಿರುವ ತಾಮ್ರದ ತಂತಿಯನ್ನು ಬಳಸಬೇಕು. ಎರಡು ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತಿದ ಜೋಡಣೆ ಬೋಟಿನಲ್ಲಿ ಬಹುಕಾಲ ಬಾಳುವುದಿಲ್ಲ. ಒತ್ತಿ ಕೂರಿಸಿದ ಜೋಡಣೆ, ಅದರ ಮೇಲೆ ಒಳಗೆ ಅಂಟಿರುವ ಕುಗ್ಗುಕೊಳವೆ, ಪೆಟ್ಟಿಗೆಗೆ ಪ್ರವೇಶಿಸುವ ಮುನ್ನ ತಂತಿ ಕೆಳಗೆ ಜೋತು ಮೇಲೇರುವ ತಿರುವು: ಇಷ್ಟಿದ್ದರೆ ನೀರು ತಂತಿಯಗುಂಟ ಒಳಗೆ ಹರಿಯದೆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ. ಈ ಬದಲಾವಣೆಗೆ ತಗಲುವ ಖರ್ಚು ಉಪಕರಣದ ಬೆಲೆಯ ಮುಂದೆ ಅತ್ಯಲ್ಪ.

ಪೆಟ್ಟಿಗೆಯ ಮೇಲಿನ ಅಂಕೆ ಹೇಳುವುದೂ ಹೇಳದಿರುವುದೂ

‘ಜಲನಿರೋಧಕ’ ಎಂದು ಮಾರಾಟವಾಗುವ ಉಪಕರಣಗಳ ಮೇಲೆ ಐಪಿ 67, ಐಪಿಎಕ್ಸ್ 7 ಎಂಬಂಥ ಗುರುತುಗಳಿರುತ್ತವೆ. ಇವು ಅಂತರರಾಷ್ಟ್ರೀಯ ಮಾನದಂಡವೊಂದರ ಸಂಕೇತಗಳು. ಕೊನೆಯ ಅಂಕೆ ನೀರಿಗೆ ಸಂಬಂಧಿಸಿದ್ದು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿದರೂ ಹಾನಿಕರ ಪ್ರಮಾಣದ ನೀರು ಒಳಹೋಗಲಿಲ್ಲ ಎಂದರ್ಥ. 6 ಎಂದರೆ ರಭಸವಾಗಿ ಚಿಮ್ಮುವ ನೀರಿನ ಧಾರೆಯನ್ನು ತಡೆಯಿತು ಎಂದರ್ಥ.

ಇಲ್ಲಿ ಗ್ರಾಹಕರು ತಿಳಿಯಬೇಕಾದ ಸಂಗತಿಗಳು ಮೂರು. ಮೊದಲನೆಯದಾಗಿ, 7ರಲ್ಲಿ ಉತ್ತೀರ್ಣವಾದದ್ದು ತಾನಾಗಿಯೇ 6ರಲ್ಲೂ ಉತ್ತೀರ್ಣವಾಗಬೇಕೆಂದಿಲ್ಲ. ನಿಂತ ನೀರಿನಲ್ಲಿ ಮುಳುಗುವುದೂ ಅಲೆಯ ಹೊಡೆತ ತಿನ್ನುವುದೂ ಬೇರೆ ಬೇರೆ ಪರೀಕ್ಷೆಗಳು. ಬೋಟಿಗೆ ಎರಡೂ ಬೇಕು. ಎರಡನೆಯದಾಗಿ, ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪಿನ ಸವೆತಕ್ಕೆ ಬೇರೆಯೇ ಪರೀಕ್ಷೆಯಿದೆ. ಮೂರನೆಯದಾಗಿ, ಪರೀಕ್ಷೆಗೊಳಗಾಗುವುದು ಹೊಸ ಉಪಕರಣ. ಮೂರು ವರ್ಷ ಬಿಸಿಲು ತಿಂದು ಬಿರುಸಾದ ರಬ್ಬರ್ ಅಂಚಿನ ಬಗ್ಗೆ, ರಿಪೇರಿಗೆಂದು ಒಮ್ಮೆ ಬಿಚ್ಚಿ ಮತ್ತೆ ತಿರುಪು ಹಾಕಿದ ಪೆಟ್ಟಿಗೆಯ ಬಗ್ಗೆ ಆ ಅಂಕೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ದುರ್ಬಲ ಕೊಂಡಿ ನಮ್ಮೆಲ್ಲರ ಕೈಯಲ್ಲೇ ಇದೆ: ಮೊಬೈಲ್ ಫೋನು. ಜೆಮಿನಿಯಾಗಲಿ ಎರಡನೆಯ ಪೀಳಿಗೆಯ ಡಿಎಟಿಯಾಗಲಿ ಪಡೆದ ಸಂದೇಶವನ್ನು ಬ್ಲೂಟೂತ್ ಮೂಲಕ ಫೋನಿಗೆ ಕಳುಹಿಸುತ್ತದೆ. ಮೀನುಗಾರ ಅದನ್ನು ಆ್ಯಪ್‌ನಲ್ಲಿ ಓದುತ್ತಾನೆ. ಬೋಟಿಗೆ ಕಡಲಿಗೆಂದೇ ತಯಾರಾದ ಸಾಧನ ಬಂದಿದ್ದರೂ ಅದರ ಮಾತು ಕೇಳಿಸಿಕೊಳ್ಳುವುದು ಅಂಗಡಿಯಲ್ಲಿ ಕೊಂಡ ಸಾಮಾನ್ಯ ಫೋನು. ಫೋನಿನೊಳಗೆ ನೀರು ಹೋದ ದಿನ ಎಚ್ಚರಿಕೆ ಉಪಗ್ರಹದಿಂದ ಇಳಿದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆದ್ದರಿಂದ ಬೋಟಿನಲ್ಲಿ ಕನಿಷ್ಠ ಎರಡು ಫೋನುಗಳಲ್ಲಿ ಆ್ಯಪ್ ಇರಬೇಕು. ಒಂದು ಸದಾ ನೀರು ಹೋಗದ ಚೀಲದಲ್ಲಿರಬೇಕು.

ಹೊಣೆ ಯಾರದು?

ಟ್ರಾನ್ಸ್‌ಪಾಂಡರ್‌ಗಳನ್ನು ಕಡಲಿನ ಬಳಕೆಗೆಂದೇ ರೂಪಿಸಲಾಗಿದೆ, ಆದ್ದರಿಂದ ಆತಂಕ ಬೇಡ ಎಂಬ ವಾದವಿದೆ. ವಿನ್ಯಾಸದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಅತ್ಯುತ್ತಮ ವಿನ್ಯಾಸವೂ ಅಳವಡಿಕೆಯಲ್ಲಿ ಸೋಲಬಹುದು. ಬ್ಯಾಟರಿಯ ಕೊಂಡಿ ಸಡಿಲವಿದ್ದರೆ, ಎಂಜಿನ್ ಚಾಲೂ ಮಾಡುವಾಗ ವೋಲ್ಟೇಜು ಕುಸಿದರೆ, ಆಂಟೆನಾದ ಜೋಡಣೆಗೆ ಮುಚ್ಚಳವಿಲ್ಲದಿದ್ದರೆ ದೋಷ ಉಪಕರಣದ ಹೊರಗಿದ್ದರೂ ಫಲ ಒಂದೇ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮೀನು ಸಿಗುವ ಜಾಗ ಇತರರಿಗೆ ತಿಳಿಯಬಾರದೆಂದೋ, ಗಡಿರೇಖೆ ದಾಟಿದ್ದು ದಾಖಲಾಗಬಾರದೆಂದೋ ಸಾಧನವನ್ನು ಆರಿಸುವವರೂ ಇರಬಹುದು. ‘ನೀರು ಹೋಗಿ ಕೆಟ್ಟಿದೆ’ ಎಂಬುದು ಅವರಿಗೆ ಒಳ್ಳೆಯ ನೆಪ. ನಿಜವಾಗಿ ಕೆಟ್ಟದ್ದನ್ನೂ ನೆಪವನ್ನೂ ಬೇರ್ಪಡಿಸುವ ದಾರಿ ಒಂದೇ: ಕ್ರಮಬದ್ಧ ತಪಾಸಣೆ. ತಪಾಸಣೆಯ ದಾಖಲೆಯಿದ್ದರೆ ಪ್ರಾಮಾಣಿಕ ಮೀನುಗಾರನ ಮೇಲೆ ಸಂಶಯ ಬೀಳುವುದಿಲ್ಲ. ದಾಖಲೆಯಿಲ್ಲದಿದ್ದರೆ ಸಂಶಯವೂ ದಂಡವೂ ಬಡವನ ಮೇಲೆಯೇ ಬೀಳುವುದು ರೂಢಿ.

ಅದಕ್ಕೆ ಸಮಯವೂ ಸಿದ್ಧವಾಗಿಯೇ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ತಲಾ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕೇರಳದ ಕರಾವಳಿಯಲ್ಲಿ ಟ್ರಾಲಿಂಗ್ ನಿಷೇಧ 52 ದಿನಗಳದ್ದು. ಆಗ ಬೋಟುಗಳೆಲ್ಲ ಬಂದರಿನಲ್ಲಿರುತ್ತವೆ. ಬಲೆ ನೇಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಹಲಗೆಗೆ ಬಣ್ಣ ಬಳಿಯುತ್ತಾರೆ. ವಿದ್ಯುನ್ಮಾನ ಸಾಧನ ಮಾತ್ರ ಆ ಎರಡು ತಿಂಗಳು ಮಳೆಯ ತೇವದಲ್ಲಿ ಯಾರೂ ಮುಟ್ಟದೆ ಕುಳಿತಿರುತ್ತದೆ. ಕರಾವಳಿಯ ಆರ್ದ್ರತೆ ಅತಿ ಹೆಚ್ಚಿರುವ ಕಾಲವೂ ಅದೇ. ಋತು ಆರಂಭವಾಗುವ ಆಗಸ್ಟಿನ ಮೊದಲ ದಿನ ಸಾಧನವನ್ನು ಚಾಲೂ ಮಾಡಿದಾಗ ದೋಷ ತಿಳಿದರೆ ಅಷ್ಟರಲ್ಲಿ ಬೋಟು ಹೊರಟಿರುತ್ತದೆ.

ಆದ್ದರಿಂದ ನಾವು ಮುಂದಿಡುವ ಬೇಡಿಕೆಗಳು ಇವು. ನಿಷೇಧದ ಅವಧಿಯಲ್ಲಿ ಪ್ರತಿ ಬಂದರಿನಲ್ಲೂ ಮೀನುಗಾರಿಕಾ ಇಲಾಖೆಯ ತಪಾಸಣಾ ಶಿಬಿರ ನಡೆಯಬೇಕು. ಪ್ರತಿ ಸಾಧನವನ್ನೂ ಚಾಲೂ ಮಾಡಿ, ಪರೀಕ್ಷಾ ಸಂದೇಶ ಕಳುಹಿಸಿ, ದಿನಾಂಕವಿರುವ ಚೀಟಿ ಅಂಟಿಸಬೇಕು. ಕೆಟ್ಟ ಸಾಧನ ರಿಪೇರಿಗೆ ಹೋದಾಗ ಬೋಟು ಬರಿಗೈಯಲ್ಲಿ ಹೊರಡದಂತೆ ಬಂದರಿನಲ್ಲಿ ಬದಲಿ ಸಾಧನಗಳ ಸಂಗ್ರಹ ಇರಬೇಕು. ಸ್ಥಳೀಯ ಯುವಕರಿಗೆ, ಮುಖ್ಯವಾಗಿ ಐಟಿಐ ಕಲಿತವರಿಗೆ, ಈ ಸಾಧನಗಳ ತಂತಿ ಮತ್ತು ಜೋಡಣೆಯ ತರಬೇತಿ ಕೊಡಬೇಕು. ಎಷ್ಟು ಸಾಧನ ಅಳವಡಿಸಲಾಯಿತು ಎಂಬುದರ ಜೊತೆಗೆ, ಅಳವಡಿಸಿದವುಗಳಲ್ಲಿ ಎಷ್ಟು ಇಂದು ಸಂಕೇತ ಕಳುಹಿಸುತ್ತಿವೆ ಎಂಬ ಅಂಕಿಯನ್ನೂ ಸರ್ಕಾರ ಪ್ರಕಟಿಸಬೇಕು. ಆ ಎರಡನೆಯ ಅಂಕಿಯೇ ಯೋಜನೆಯ ನಿಜವಾದ ಅಂಕಪಟ್ಟಿ.

ಕೈಪಿಡಿ ಯಾವ ಭಾಷೆಯಲ್ಲಿ?

ಗಡಿನಾಡ ಕನ್ನಡಿಗರಿಗೆ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಉಪಕರಣವನ್ನು ಹೇಗೆ ತೊಳೆಯಬೇಕು, ಯಾವ ದೀಪ ಮಿನುಗಿದರೆ ಏನರ್ಥ, ಬ್ಯಾಟರಿಯ ಆಯುಷ್ಯ ಎಂದಿಗೆ ಮುಗಿಯುತ್ತದೆ ಎಂಬ ಸೂಚನೆಗಳು ಮೀನುಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಸಾಧನಗಳ ಜೊತೆಗಿನ ಆ್ಯಪ್‌ಗಳು ಸ್ಥಳೀಯ ಭಾಷೆಯಲ್ಲಿ ಸಂದೇಶ ತೋರಿಸಬಲ್ಲವು ಎಂಬುದು ಸಂತೋಷದ ಸಂಗತಿ. ಆದರೆ ‘ಸ್ಥಳೀಯ ಭಾಷೆ’ ಎಂದರೆ ರಾಜ್ಯದ ಅಧಿಕೃತ ಭಾಷೆ ಒಂದೇ ಎಂದು ಭಾವಿಸಿದರೆ ಮಂಜೇಶ್ವರದ ಕನ್ನಡಿಗ ಎಲ್ಲಿಗೆ ಹೋಗಬೇಕು? ಮಲ್ಪೆಯ ಬೋಟಿನಲ್ಲಿ ದುಡಿಯುವ ತಮಿಳುನಾಡಿನ ಕಾರ್ಮಿಕನಿಗೆ ಕನ್ನಡದ ಎಚ್ಚರಿಕೆ ಎಷ್ಟು ಉಪಯೋಗ? ಬೋಟು ನೋಂದಣಿಯಾದ ರಾಜ್ಯವನ್ನು ನೋಡಿ ಭಾಷೆ ತೀರ್ಮಾನಿಸಬಾರದು, ಬೋಟಿನಲ್ಲಿರುವವರು ಆರಿಸಿಕೊಳ್ಳುವಂತಿರಬೇಕು.

ಇದು ಕೇವಲ ಭಾವನೆಯ ಬೇಡಿಕೆಯಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಆ ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಸಂವಿಧಾನದ 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ವಿಶೇಷ ಅಧಿಕಾರಿಯನ್ನು ನೇಮಿಸಬೇಕೆನ್ನುತ್ತದೆ. ಶಾಲೆಯ ಪಠ್ಯ, ಅರ್ಜಿ ನಮೂನೆ, ನಾಮಫಲಕಗಳ ವಿಷಯದಲ್ಲಿ ನಾವು ಈ ಹಕ್ಕುಗಳನ್ನು ಬಳಸುತ್ತ ಬಂದಿದ್ದೇವೆ. ಪ್ರಾಣರಕ್ಷಣೆಯ ಉಪಕರಣದ ಕೈಪಿಡಿ ಕನ್ನಡದಲ್ಲಿ ಬೇಕೆಂದು ಕೇಳಲು ಇವೇ ಹಕ್ಕುಗಳು ಸಾಕು. ಮೀನುಗಾರರ ಸಂಘಗಳೂ ಕನ್ನಡ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳೂ ಒಟ್ಟಾಗಿ ಈ ಮನವಿಯನ್ನು ಬರೆಯಬಹುದು.

ಮನೆಯಲ್ಲಿ, ಶಾಲೆಯಲ್ಲಿ ಮಾಡಬಹುದಾದದ್ದು

ಸರ್ಕಾರ ಮಾಡುವವರೆಗೆ ಕಾಯದೆ ಮನೆಯವರು ಮಾಡಬಹುದಾದ ಕೆಲಸಗಳೂ ಇವೆ. ಬೋಟು ದಡಕ್ಕೆ ಬಂದಾಗ ಸಾಧನದ ಹೊರಮೈಯನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ರಭಸದ ಪೈಪಿನಿಂದ ತೊಳೆಯಬಾರದು. ತಿಂಗಳಿಗೊಮ್ಮೆ ತಂತಿಯ ತುದಿಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ ಎಂದು ನೋಡಬೇಕು. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಅದು ಮೊದಲ ಎಚ್ಚರಿಕೆ. ತನ್ನಿಂದ ತಾನೇ ಆರಿತೆಂದು ಸುಮ್ಮನಾಗಬಾರದು.

ಸಾಧನ ಕಡಲನೀರಿಗೆ ಬಿದ್ದರೆ ‘ಕೆಲಸ ಮಾಡುತ್ತದೆಯೇ ನೋಡೋಣ’ ಎಂದು ಚಾಲೂ ಮಾಡುವುದೇ ಎಲ್ಲಕ್ಕಿಂತ ದೊಡ್ಡ ಹಾನಿ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಬೇಕು. ಹೊರಮೈಯ ಉಪ್ಪನ್ನು ಸಿಹಿನೀರಿನಿಂದ ತೊಳೆದು, ಒರೆಸಿ, ಸಾಧ್ಯವಾದಷ್ಟು ಬೇಗ ತಿಳಿದವರ ಕೈಗೆ ಒಪ್ಪಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರೆ ಉಪ್ಪು ಹೋಗುವುದಿಲ್ಲ. ಉಬ್ಬಿದ ಅಥವಾ ಬಿಸಿಯಾದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ಇಡಬಾರದು.

ಮಕ್ಕಳಿಗೂ ಇದರಲ್ಲಿ ಪಾಲಿದೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ 7 ಗ್ರಾಂ ಉಪ್ಪು ಬೆರೆಸಿದರೆ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾದ ನೀರು ಸಿದ್ಧ. ಟಾರ್ಚಿನ ಎರಡು ಸೆಲ್‌ಗಳನ್ನು ಜೋಡಿಸಿ, ಎರಡು ತಾಮ್ರದ ತಂತಿಗಳ ತುದಿಯನ್ನು ಅದರಲ್ಲಿ ಒಂದಕ್ಕೊಂದು ತಾಗದಂತೆ ಅದ್ದಬೇಕು. ಕೆಲವೇ ನಿಮಿಷಗಳಲ್ಲಿ ಋಣ ತುದಿಯಲ್ಲಿ ಗುಳ್ಳೆಗಳೇಳುತ್ತವೆ, ಧನ ತುದಿಯ ತಾಮ್ರದ ಬಣ್ಣ ಬದಲಾಗುತ್ತದೆ, ನೀರು ಕದಡುತ್ತದೆ. ಪಕ್ಕದಲ್ಲಿ ಉಪ್ಪಿಲ್ಲದ ನೀರಿನ ಲೋಟವನ್ನೂ ಇಟ್ಟು ಹೋಲಿಸಬೇಕು. ಶಿಕ್ಷಕರ ಸಮ್ಮುಖದಲ್ಲಿ, ಗಾಳಿಯಾಡುವ ಕಡೆ ಮಾಡಿ, ಆ ನೀರನ್ನು ಚೆಲ್ಲಿ ಕೈ ತೊಳೆದರೆ ಆಯಿತು. ಬಾವಿಯ ಪಂಪು ಏಕೆ ಕೆಟ್ಟಿತು ಎಂಬುದು ಒಡ್ಡನ್‌ಛತ್ರಂನ ಮಗುವಿಗೆ, ಅಪ್ಪನ ವೈರ್‌ಲೆಸ್ ಏಕೆ ಮೌನವಾಯಿತು ಎಂಬುದು ಮಂಜೇಶ್ವರದ ಮಗುವಿಗೆ ಈ ಲೋಟಗಳೆರಡರಿಂದ ತಿಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿತ ಮಗು ಕನ್ನಡದ ಕೈಪಿಡಿಯನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಬಲ್ಲದು. ಆ ಕೈಪಿಡಿ ಮನೆಗೆ ಬರುವಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಮುಂದಿನ ನಿಷೇಧದ ಅವಧಿ ಆರಂಭವಾಗುವ ಮೊದಲೇ ತಪಾಸಣಾ ಶಿಬಿರಗಳ ವೇಳಾಪಟ್ಟಿ ಪ್ರಕಟವಾಗಬೇಕೆಂದು ನಾವು ಕೇಂದ್ರ ಹಾಗೂ ರಾಜ್ಯಗಳ ಮೀನುಗಾರಿಕಾ ಇಲಾಖೆಗಳನ್ನು ಒತ್ತಾಯಿಸುತ್ತೇವೆ. ತಮ್ಮ ಬಂದರಿನಲ್ಲಿ ಸಾಧನಗಳ ಸ್ಥಿತಿ ಹೇಗಿದೆ, ಕೈಪಿಡಿ ಯಾವ ಭಾಷೆಯಲ್ಲಿ ದೊರೆತಿದೆ ಎಂಬುದನ್ನು ಓದುಗರು ನಮಗೆ ಬರೆದು ತಿಳಿಸಬೇಕೆಂದು ವಿನಂತಿಸುತ್ತೇವೆ.